ಕೊಟ್ಟಿಗೆಯ ಪಕ್ಕದ ಸಾಲುಗಳು

ಸುರ್ಮಾ ದೇವಿಗೆ ಹಸಿವೆಂದರೆ ಆಗದು. ತನ್ನ ಹಸಿವಲ್ಲ, ಬೇರೆಯವರ ಹಸಿವು. ತಾನು ಬೇಕಾದರೆ ಒಂದು ಲೋಟ ಚಹಾ ಕುಡಿದು ಮಧ್ಯಾಹ್ನದವರೆಗೆ ದುಡಿದಾಳು; ಆದರೆ ಟಪಾಲಿನವನು ಅಂಗಳದವರೆಗೆ ಹತ್ತಿ ಬಂದು ಏನೂ ತಿನ್ನದೆ ಇಳಿದುಹೋದರೆ ಸಂಜೆಯವರೆಗೆ ಅವಳಿಗೆ ಸಮಾಧಾನವಿಲ್ಲ. ಹಸುವಿಗೆ ಹುಲ್ಲು ಹಾಕಿ ಬಂದವಳು ಮತ್ತೊಮ್ಮೆ ಹೋಗಿ ಇಣುಕುತ್ತಾಳೆ. ಇಂಥ ಹೆಂಗಸಿನ ಒಲೆಯ ಮುಂದಿನಿಂದಲೇ ಮಗ ಬರಿಹೊಟ್ಟೆಯಲ್ಲಿ ಎದ್ದುಹೋದ, ತಿರುಗಿ ಬರಲಿಲ್ಲ. ದೇವರಿಗೆ ಬೇರೆ ಮನೆ ಸಿಕ್ಕಲಿಲ್ಲವೋ ಏನೋ.

ಅದು ಮೂರು ವರ್ಷದ ಹಿಂದಿನ ಶ್ರಾವಣ. ಮಗ ಭೂಪಿಂದರ್ ಮನೆಯ ಮೇಲಿನ ಹಳೆಯ ತೋಟದ ಸೇಬಿನ ಪೆಟ್ಟಿಗೆಗಳನ್ನು ಪಿಕಪ್ಪಿಗೆ ಹೇರಿ ಮಂಡಿಗೆ ಹೊರಡುವುದರಲ್ಲಿದ್ದ. ಸುರ್ಮಾ ಸಿಡ್ಡು ಬೇಯಲಿಟ್ಟಿದ್ದಳು. ಗೋಧಿ ಹಿಟ್ಟಿನೊಳಗೆ ಅಖ್ರೋಟು, ಗಸಗಸೆಯ ಹೂರಣ ತುಂಬಿ, ಹಬೆಯಲ್ಲಿ ಬೇಯಿಸಿ, ಮೇಲೆ ತುಪ್ಪ ಸುರಿದು ಕೊಟ್ಟರೆ ಭೂಪಿ ಎಷ್ಟು ತಿಂದೆನೆಂದು ನೋಡುವವನಲ್ಲ. ಅಷ್ಟರಲ್ಲಿ ಅವನ ಅಪ್ಪ ಜಿಯಾಲಾಲ್ ಹಳೆಯ ರಾಗ ತೆಗೆದ. ಮನೆಯ ಕೆಳಗಿನ ಇಳಿಜಾರಿನಲ್ಲಿದ್ದ ದೊಡ್ಡ ದೊಡ್ಡ ಸೇಬಿನ ಮರಗಳನ್ನು ಕಡಿಸಿ, ಹಿಂದಿನ ಚಳಿಗಾಲ ಮಗ ಗಿಡ್ಡ ಜಾತಿಯ ಸಸಿಗಳನ್ನು ಒತ್ತೊತ್ತಾಗಿ ನೆಟ್ಟಿದ್ದು ಅವನಿಗೆ ಅರಗಿರಲಿಲ್ಲ.

“ನಮ್ಮಪ್ಪ ನೆಟ್ಟ ಮರ ಕಡಿದೆ. ಆ ಜಾಗದಲ್ಲಿ ತಂತಿಗೆ ಕಟ್ಟಿದ ಕಡ್ಡಿ ನೆಟ್ಟಿದ್ದೀಯ. ಗಾಳಿ ಬಂದ್ರೆ ಒಣಗೋಕೆ ಹಾಕಿದ ಬಟ್ಟೆ ಹಾಗೆ ಅಲ್ಲಾಡುತ್ತೆ.”

“ಬಾಬೂಜಿ, ದಿನಾ ಇದೇ ಆಯ್ತು. ತಿನ್ನೋಕೆ ಕೂತಾಗಲಾದ್ರೂ ಬಿಡಿ.”

“ನನ್ನ ಮನೇಲಿ ನಾನು ಮಾತಾಡೋಕೆ ನಿನ್ನ ಅಪ್ಪಣೆ ಬೇಕಾ?”

ಭೂಪಿ ತಟ್ಟೆ ಸರಿಸಿ ಎದ್ದ. ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತ, “ಬಂದು ತಿಂತೀನಮ್ಮ, ತೆಗೆದಿಡು” ಅಂದ. ಸುರ್ಮಾ ತೆಗೆದಿಟ್ಟಳು. ಮಳೆಗೆ ನೆನೆದು ಸಡಿಲವಾಗಿದ್ದ ರಸ್ತೆಯಂಚು ಮಧ್ಯಾಹ್ನ ಪಿಕಪ್ಪಿನ ಸಮೇತ ಕುಸಿಯಿತು. ಸಂಜೆ ಮನೆ ತುಂಬ ಜನ ಸೇರಿದ್ದಾಗ ಯಾರೋ ಆ ಪಾತ್ರೆಯ ಮುಚ್ಚಳ ತೆಗೆದು ನೋಡಿ, ಸಿಡ್ಡುಗಳನ್ನು ಹಸುವಿನ ಬಾನಿಗೆ ಹಾಕಿ ಬಂದರು.

ಆಮೇಲೆ ತೋಟ ಸೊಸೆ ಪ್ರೊಮಿಲಾಳ ಕೈಗೆ ಬಂತು. ಬಂತು ಅನ್ನುವುದಕ್ಕಿಂತ, ಅವಳು ಯಾರನ್ನೂ ಕೇಳದೆ ತೆಗೆದುಕೊಂಡಳು. ಸಸಿ ನೆಡುವಾಗ ಗಂಡನ ಜೊತೆ ದಾರ ಹಿಡಿದು ನಿಂತವಳು, ಹನಿ ನೀರಿನ ಕರಿ ಪೈಪು ಎಳೆದವಳು ಅವಳೇ. ಅವಳ ಅಣ್ಣ ದೂರದ ಪಟ್ಟಣ ಸೋಲನ್‌ನಲ್ಲಿದ್ದ. ಅಲ್ಲೊಂದು ಸಸಿತೋಟದಲ್ಲಿ ಕೆಲಸ ಕೊಡಿಸುತ್ತೇನೆ, ಮಗಳನ್ನು ಕರೆದುಕೊಂಡು ಬಾ ಎಂದು ವರ್ಷಕ್ಕೊಮ್ಮೆ ಕೇಳುತ್ತಿದ್ದ. “ಅವರು ನೆಟ್ಟ ಗಿಡ ಒಂದು ಒಳ್ಳೇ ಫಸಲು ಕೊಡಲಿ, ಆಮೇಲೆ ಯೋಚನೆ ಮಾಡ್ತೀನಿ” ಎಂದು ಪ್ರೊಮಿಲಾ ಮುಂದೂಡುತ್ತಿದ್ದಳು. ಆ ಮಾತು ಸುರ್ಮಾಳ ಕಿವಿಗೂ ಬಿದ್ದಿತ್ತು. ಗಿಡ ಕೆಟ್ಟರೆ ಸೊಸೆ ಹೋಗುತ್ತಾಳೆ, ಮೊಮ್ಮಗಳು ಶಗುನ್ ಹೋಗುತ್ತಾಳೆ ಎಂದು ಅವಳು ಅರ್ಥ ಮಾಡಿಕೊಂಡಿದ್ದಳು.

ಈ ವರ್ಷ ಗಿಡಗಳಿಗೆ ನಾಲ್ಕನೇ ಬೇಸಿಗೆ. ಮೊದಲ ಸಲ ಕಾಯಿ ತುಂಬಿ ಹಿಡಿದಿತ್ತು. ಆಷಾಢದ ಒಂದು ಮಧ್ಯಾಹ್ನ ರಾಜ್ಮಾ ಅನ್ನಕ್ಕೆ ಕೂತಾಗ ಪ್ರೊಮಿಲಾ ಹೇಳಿದಳು:

“ಇವತ್ತಿಂದ ಕೆಳಗಿನ ತೋಟಕ್ಕೆ ಯೂರಿಯಾ ನಿಲ್ಲಿಸ್ದೆ. ನೀರೂ ಲೆಕ್ಕದಲ್ಲೇ. ಚಿಲುಮೆ ಬೇರೆ ಸಣ್ಣಗೆ ಹರೀತಿದೆ, ಮನೆಗೂ ಅದೇ ತೊಟ್ಟಿ.”

“ಕಾಯಿ ಈಗ ದಪ್ಪ ಆಗೋ ಹೊತ್ತು,” ಸುರ್ಮಾ ಬಡಿಸುತ್ತಿದ್ದ ಸೌಟು ನಿಲ್ಲಿಸಿದಳು. “ಈಗ ನಿಲ್ಲಿಸಿದ್ರೆ ಹೇಗೆ?”

“ಬೇಕಾದಷ್ಟು ವಸಂತದಲ್ಲಿ ಪೈಪಿನ ನೀರಲ್ಲೇ ಕಲಸಿ ಕೊಟ್ಟಾಗಿದೆ ಅಮ್ಮಾಜಿ. ಇನ್ನು ಕೊಟ್ರೆ ಬರೀ ಸೊಪ್ಪು ಬೆಳೆಯುತ್ತೆ.”

“ಮೇಲಿನ ತೋಟದ ಮರಕ್ಕೆ ನಾವು ಬುಟ್ಟಿ ಬುಟ್ಟಿ ಗೊಬ್ಬರ ಹೊತ್ತಿದೀವಿ.”

“ಅದು ಆನೆ. ಇದು ಮೇಕೆ. ಆನೆ ಊಟ ಮೇಕೆಗೆ ಹಾಕ್ತಾರಾ?”

ಶಗುನ್ ಕಿಸಕ್ಕೆಂದು ನಕ್ಕು ಅಜ್ಜಿಯ ಕಡೆ ತಿರುಗಿದಳು. ಹತ್ತು ವರ್ಷದ ಹುಡುಗಿ, ಬಾಯಿ ಅಪ್ಪನದೇ. “ದಾದಿ, ಅಪ್ಪ ಹೇಳ್ತಿದ್ರಂತೆ. ಭಾದ್ರಪದದಲ್ಲಿ ಗಿಡ ಸ್ವಲ್ಪ ಹಸಿದಿರಬೇಕು ಅಂತ. ಹಸಿದ್ರೇನೇ ಎತ್ತರ ಬೆಳೆಯೋದು ಬಿಟ್ಟು ಹಣ್ಣಿಗೆ ಬಣ್ಣ ಹಾಕುತ್ತಂತೆ. ರೆಂಬೆ ಗಟ್ಟಿ ಆಗುತ್ತಂತೆ, ಹಿಮ ತಡೆಯೋಕೆ. ಅಲ್ವಾಮ್ಮ?”

“ಹೌದು. ಉಣ್ಣು ಸುಮ್ಮನೆ.”

ಮೊಮ್ಮಗಳು ಅಷ್ಟೆಲ್ಲ ಹೇಳಿದರೂ ಸುರ್ಮಾಳ ಕಿವಿಗೆ ಬಿದ್ದದ್ದು ಹಸಿದಿರಬೇಕು ಅನ್ನುವುದೊಂದೇ. ಜಿಯಾಲಾಲ್ ತಲೆ ಎತ್ತದೆ ಅನ್ನ ಕಲಸುತ್ತಿದ್ದ. ಮಗ ಹೋದ ಮೇಲೆ ಅವನು ಊಟದ ಹೊತ್ತಿಗೆ ಬಾಯಿ ಬಿಡುವುದನ್ನೇ ಬಿಟ್ಟಿದ್ದ.

ಮಾರನೆಯ ದಿನ ಹುಲ್ಲು ಕೊಯ್ಯಲು ಬಂದ ಪಕ್ಕದ ಮನೆಯ ದೌಲ್ತಿ ಬೇಲಿಯಾಚೆಯಿಂದ ಕಡ್ಡಿ ಆಡಿಸಿದಳು. “ಏನು ಸುರ್ಮಾ, ನಿನ್ನ ಸೊಸೆ ಗಿಡಕ್ಕೆ ಏಕಾದಶಿ ಮಾಡಿಸ್ತಾಳಂತೆ. ಭೂಪಿ ಇದ್ದಿದ್ರೆ ಉಪವಾಸ ಕೆಡವ್ತಿದ್ನಾ?”

“ಅವಳು ಓದಿದವಳು. ಅವಳಿಗೆ ಗೊತ್ತಿರುತ್ತೆ,” ಸುರ್ಮಾ ಚುಟುಕಾಗಿ ಹೇಳಿ ಕೊಟ್ಟಿಗೆಗೆ ನಡೆದಳು. ಆದರೆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು.

ಕೊಟ್ಟಿಗೆಯ ಗೋಡೆಗೆ ತಾಗಿಕೊಂಡೇ ಹೊಸ ತೋಟದ ಕೆಳಗಿನ ನಾಲ್ಕು ಸಾಲುಗಳಿದ್ದವು. ಭೂಪಿ ಆಳುಗಳನ್ನು ಕರೆಯದೆ ತನ್ನ ಕೈಯಾರೆ ಮೊದಲು ನೆಟ್ಟದ್ದು ಆ ಸಾಲುಗಳನ್ನೇ. ಸುರ್ಮಾ ಬೆಳಗಿನ ಹಾಲು ಕರೆದು ಹೊರಬಂದಾಗ ಅವು ಕಣ್ಣಿಗೇ ಬೀಳುತ್ತಿದ್ದವು, ಮೈಕೈ ಇಲ್ಲದ ಸಣಕಲು ಗಿಡಗಳು, ಮೈತುಂಬ ಕಾಯಿ. ಆ ದಿನ ಅವಳು ಕೊಟ್ಟಿಗೆ ತೊಳೆದ ಗಂಜಲದ ನೀರನ್ನು ಚರಂಡಿಗೆ ಬಿಡದೆ ಬಕೆಟ್ಟಿಗೆ ತುಂಬಿಕೊಂಡಳು. ಮೂಲೆಯಲ್ಲಿ ಮೆಕ್ಕೆಜೋಳಕ್ಕೆಂದು ಇಟ್ಟಿದ್ದ ಯೂರಿಯಾ ಚೀಲವಿತ್ತು. ಗಿಡಕ್ಕೊಂದು ಮುಷ್ಟಿ ಬುಡಕ್ಕೆ ಹಾಕಿ, ಮೇಲೆ ನೀರು ಸುರಿದು, ಒಣಹುಲ್ಲು ಎಳೆದು ಮುಚ್ಚಿದಳು.

“ತಿನ್ನು ಮಗಾ,” ಅಂದಳು ಮೆಲ್ಲಗೆ. ಅಂದ ಮೇಲೆ ತನಗೇ ಗಾಬರಿಯಾಗಿ ಸುತ್ತ ನೋಡಿದಳು. ಯಾರೂ ಇರಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಆ ದಿನ ಅವಳಿಗೆ ತನ್ನ ರೊಟ್ಟಿಯೂ ರುಚಿಸಿತು.

ಅಲ್ಲಿಂದ ಅದೊಂದು ದಿನಚರಿಯಾಯಿತು. ಇವತ್ತು ಕೆಲವು ಗಿಡ, ನಾಳೆ ಕೆಲವು. ಪ್ರೊಮಿಲಾ ಎದ್ದು ಚಹಾ ಕಾಯಿಸುವಷ್ಟರಲ್ಲಿ ಸುರ್ಮಾ ಕೈತೊಳೆದು ಒಳಗೆ ಬಂದಿರುತ್ತಿದ್ದಳು. ಗಿಡಗಳು ಅವಳ ಮಾತು ಕೇಳಿದಂತೆಯೇ ಬೆಳೆದವು. ಎಲೆ ಅಂಗೈ ಅಗಲ ಆಯಿತು, ಹಸಿರು ಕಪ್ಪಿಗೆ ತಿರುಗಿತು. ಅದೇ ತೋಟದ ಮೇಲಿನ ಸಾಲುಗಳು ಚಿಗುರುವುದನ್ನು ನಿಲ್ಲಿಸಿದರೂ ಕೆಳಗಿನವು ತಂತಿ ದಾಟಿ ಚಿಗುರುತ್ತಲೇ ಇದ್ದವು. ಕಾಯಿ ಮುಷ್ಟಿಗೆ ಸಿಗದಷ್ಟು ದಪ್ಪ. ನೋಡಿ ನೋಡಿ ಸುರ್ಮಾಳ ಕಣ್ಣು ತಣಿಯುತ್ತಿತ್ತು.

ಭಾದ್ರಪದ ಬಂತು. ಮೇಲಿನ ಸಾಲುಗಳ ಹಣ್ಣು ಕೆಂಪೇರಿತು. ಕೆಳಗಿನ ಸಾಲುಗಳದು ಕೆಂಪಾಗಲಿಲ್ಲ. ಪ್ರೊಮಿಲಾ ಸೊಂಟಕ್ಕೆ ಕೈಯಿಟ್ಟು ಸಾಲುಗಳ ನಡುವೆ ನಿಂತು ನಿಂತು ನೋಡುತ್ತಿದ್ದಳು. ಮಣ್ಣಿನ ತೇವ ಅಳೆಯಲು ಮುಳ್ಳಿನ ಗಡಿಯಾರದಂಥದ್ದು ಕೂರಿಸಿದ ಒಂದು ಕೊಳವೆಯನ್ನು ಭೂಪಿ ತಂದಿಟ್ಟಿದ್ದ. ಅದು ಯಾವಾಗಲೂ ಮೇಲಿನ ಸಾಲಿನಲ್ಲಿ ನೆಟ್ಟಿರುತ್ತಿತ್ತು. ಮಣ್ಣು ಒದ್ದೆಯಾದಷ್ಟೂ ಅದರ ಮುಳ್ಳು ಸೊನ್ನೆಯತ್ತ ಇಳಿಯುತ್ತಿತ್ತು. ಅದನ್ನು ನೋಡಿ ಹೇಳುವುದು ಶಗುನಳ ಕೆಲಸ. ಆ ಭಾನುವಾರ ಪ್ರೊಮಿಲಾ ಅದನ್ನು ಕಿತ್ತು ಕೊಟ್ಟಿಗೆಯ ಪಕ್ಕದ ಸಾಲಿಗೆ ನೆಡಿಸಿದಳು.

“ಅಮ್ಮಾ, ಮುಳ್ಳು ಸೊನ್ನೆ ಹತ್ರ ನಿಂತಿದೆ,” ಶಗುನ್ ಕೂಗಿ ಹೇಳಿದಳು. “ಮಳೆ ಬಂದು ವಾರ ಆಯ್ತು, ನೀರೂ ಬಿಟ್ಟಿಲ್ಲ, ಇಷ್ಟು ಒದ್ದೆ ಹೇಗೆ?”

ಪ್ರೊಮಿಲಾ ಕುಕ್ಕರುಗಾಲಲ್ಲಿ ಕೂತು ಬುಡದ ಹುಲ್ಲು ಸರಿಸಿದಳು. ಹುಲ್ಲಿನ ನಡುವೆ ಸಿಕ್ಕಿ ಕರಗದೆ ಉಳಿದ ಬಿಳಿ ಹರಳುಗಳು. ಅಂಗೈಯಲ್ಲಿ ಎತ್ತಿಕೊಂಡು ಅವಳು ನೇರ ಕೊಟ್ಟಿಗೆಗೆ ಹೋಗಿ ಯೂರಿಯಾ ಚೀಲ ಎತ್ತಿ ನೋಡಿದಳು. ಚೀಲ ಒಂದೇ ಕೈಗೆ ಎದ್ದು ಬಂತು.

ಅವತ್ತು ಊಟಕ್ಕೆ ಕೂತಾಗ ಪ್ರೊಮಿಲಾ ಆ ಹರಳುಗಳನ್ನು ಮಾವನ ತಟ್ಟೆಯ ಪಕ್ಕದಲ್ಲಿ ಸುರಿದಳು. ಸುರ್ಮಾ ಕೋಣೆಯನ್ನೂ ಕಾಯಿಸುವ ತಗಡಿನ ತಂದೂರ್ ಒಲೆಯ ಮೇಲೆ ರೊಟ್ಟಿ ತಿರುವುತ್ತಿದ್ದಳು. ಕೈ ಅಲ್ಲೇ ನಿಂತಿತು.

“ಬಾಬೂಜಿ, ಇದೇನು?”

ಜಿಯಾಲಾಲ್ ಹರಳು ನೋಡಿದ. ಸೊಸೆಯ ಮುಖ ನೋಡಿದ. ಆಮೇಲೆ ಒಲೆಯ ಕಡೆ ನೋಡಿದ. ಅಲ್ಲಿ ಹೆಂಡತಿಯ ಬೆನ್ನು ಕಾಣುತ್ತಿತ್ತು, ರೊಟ್ಟಿ ಸೀಯುವ ವಾಸನೆ ಬರುತ್ತಿತ್ತು. ಸುಟ್ಟ ರೊಟ್ಟಿ ಹಾಕುವ ಹೆಂಗಸಲ್ಲ ಅವಳು. ಅವನಿಗೆ ತಿಳಿಯಿತು.

“ಹೂಂ. ನಾನೇ ಹಾಕ್ದೆ,” ಅಂದ.

“ಯಾಕೆ?”

“ಐವತ್ತು ವರ್ಷದಿಂದ ಹಾಕ್ತಿದೀನಿ. ಕೈ ತಡೀಲಿಲ್ಲ.”

“ಕೈ ತಡೀಲಿಲ್ಲ,” ಪ್ರೊಮಿಲಾ ಹರಳುಗಳನ್ನು ಅವನ ತಟ್ಟೆಯತ್ತ ತಳ್ಳಿದಳು. “ಎಳೇ ಮಕ್ಕಳ ಬೇರು ಬಾಬೂಜಿ ಅದಕ್ಕೆ, ಮಣ್ಣಿನ ಮೇಲ್ಪದರದಲ್ಲೇ ಇರುತ್ತೆ. ಹಾಕಿದ್ದೆಲ್ಲ ಕುಡಿಯುತ್ತೆ. ಬಣ್ಣ ಬರಲಿಲ್ಲ, ಹಣ್ಣು ಮೆತ್ತಗಾಯ್ತು, ಚಿಗುರು ಇನ್ನೂ ನಿಂತಿಲ್ಲ. ಹಿಮ ಬೀಳೋದರೊಳಗೆ ರೆಂಬೆ ಬಲೀಬೇಕು, ಇಲ್ಲಾಂದ್ರೆ ಗಿಡಾನೇ ಸಾಯುತ್ತೆ. ಮೊದಲಿಂದ ನಿಮಗೆ ಈ ಗಿಡ ಕಂಡ್ರೆ ಆಗಲ್ಲ, ನನಗೆ ಗೊತ್ತಿಲ್ವಾ? ಅವರಿದ್ದಾಗ ಬಾಯಲ್ಲಿ ಅಂದ್ರಿ. ಈಗ ಅವರಿಲ್ಲ ಅಂತ ಹಿಂದಿನಿಂದ ಕೈಯಾಡಿಸ್ತೀರಾ?”

“ಅಮ್ಮಾ,” ಅಂದಳು ಶಗುನ್.

“ನೀನು ಉಣ್ಣು.”

ಜಿಯಾಲಾಲ್ ತಟ್ಟೆ ತೆಗೆದುಕೊಂಡು ಜಗುಲಿಗೆ ಹೋದ. ಸುರ್ಮಾ ತಿರುಗಲಿಲ್ಲ. ತಿರುಗಿ ‘ನಾನು’ ಅನ್ನಬೇಕಿತ್ತು, ಎರಡಕ್ಷರದ ಮಾತು. ಅದನ್ನು ಆಡಲು ಅವಳ ನಾಲಗೆ ಏಳಲಿಲ್ಲ. ಸುಟ್ಟ ರೊಟ್ಟಿಯನ್ನು ತನ್ನ ತಟ್ಟೆಗೆ ಹಾಕಿಕೊಂಡಳು.

ಆವತ್ತಿನಿಂದ ಮುದುಕನ ಊಟ ಜಗುಲಿಯಲ್ಲೇ. ಪ್ರೊಮಿಲಾ ಬಡಿಸುವುದನ್ನು ಬಿಟ್ಟಳು, ಶಗುನ್ ತಟ್ಟೆ ಒಯ್ದು ಕೊಡುತ್ತಿದ್ದಳು. ಯೂರಿಯಾ ಚೀಲ ಒಳಕೋಣೆಗೆ ಹೋಗಿ ಅದಕ್ಕೆ ಬೀಗ ಬಿತ್ತು. ಅವನು ತೋಟದ ಕಡೆ ಇಳಿದರೆ ಪ್ರೊಮಿಲಾ ಮಾಡುತ್ತಿದ್ದ ಕೆಲಸ ಬಿಟ್ಟು ಹಿಂದೆಯೇ ಹೋಗಿ ನಿಲ್ಲುತ್ತಿದ್ದಳು, ಕಳ್ಳನನ್ನು ಕಾಯುವ ಹಾಗೆ.

ಒಂದು ಸಂಜೆ ಗಂಡ ಹೆಂಡತಿ ಕಟ್ಟಿಗೆ ಒಟ್ಟುತ್ತಿದ್ದಾಗ ಸುರ್ಮಾ ಕೇಳಿದಳು. “ಯಾಕೆ ಹಾಗಂದ್ರಿ?”

“ಏನಂದೆ?”

“ಗೊತ್ತಿಲ್ದವರ ಹಾಗೆ ಮಾಡ್ಬೇಡಿ.”

ಜಿಯಾಲಾಲ್ ಕೈಯಲ್ಲಿದ್ದ ಕೊರಡನ್ನು ಸರಿಯಾಗಿ ಕೂರಿಸಿದ. “ಅವನು ತಟ್ಟೆ ಬಿಟ್ಟು ಎದ್ದಿದ್ದು ನನ್ನ ಮಾತಿಗೆ. ನೀನು ತಿನ್ನಿಸ್ತಿರೋದು ಅದಕ್ಕೇ ಅಂತ ನನಗೆ ಗೊತ್ತಾಗಲ್ವಾ? ತಪ್ಪು ಶುರುವಾಗಿದ್ದು ನನ್ನಿಂದ, ಬೈಗುಳಾನೂ ನನಗೇ ಬರಲಿ. ನಿನ್ನನ್ನ ಬೈದ್ರೆ ನೀನು ಆ ಗಿಡದ ಹತ್ರ ಹೋಗೋದನ್ನೇ ಬಿಡ್ತೀಯ. ಆಮೇಲೆ ನೀನು ಉಳಿಯಲ್ಲ.” ಇನ್ನೊಂದು ಕೊರಡು ಎತ್ತಿಕೊಂಡು ಹೇಳಿದ: “ಆದ್ರೆ ಇನ್ನು ಸಾಕು ಮಾಡು. ಸೊಸೆ ಹೇಳೋದ್ರಲ್ಲಿ ಏನೋ ಇದೆ.”

“ಸಾಕು ಮಾಡ್ತೀನಿ,” ಅಂದಳು ಸುರ್ಮಾ. ಆ ಕ್ಷಣಕ್ಕೆ ಅದು ಸುಳ್ಳಾಗಿರಲಿಲ್ಲ.

ಹಣ್ಣು ಕೊಯ್ದಾಯಿತು. ಮೇಲಿನ ಸಾಲುಗಳ ಹಣ್ಣನ್ನು ಮಂಡಿಯಲ್ಲಿ ಕೈಗೆತ್ತಿಕೊಂಡು ಮೆಚ್ಚಿ ನೋಡಿದರಂತೆ. ಕೆಳಗಿನವು ಪೆಟ್ಟಿಗೆಯಲ್ಲೇ ಚುಕ್ಕೆ ಬಿದ್ದು ತಗ್ಗಾದವು. ಕೊನೆಗೆ ರಸ ತೆಗೆಯುವವರು ಒಯ್ದರು. ಪ್ರೊಮಿಲಾ ಮಂಡಿಯಿಂದ ಬಂದವಳು ಬೂಟು ಕಳಚದೆ ಮೆಟ್ಟಿಲ ಮೇಲೆ ಕೂತಳು. ಸುರ್ಮಾ ಚಹಾ ತಂದಿಟ್ಟಳು, ಜೊತೆಗೆ ಎರಡು ರೊಟ್ಟಿ, ಬೆಣ್ಣೆ.

“ಹಸಿವಿಲ್ಲ ಅಮ್ಮಾಜಿ.”

“ಒಂದಾದ್ರೂ.”

“ಬೇಡ ಅಂದ್ನಲ್ಲ. ನಿಮಗೆ ಬರೀ ತಿನ್ನಿಸೋದೊಂದೇ ಗೊತ್ತಾ?” ಅಂದವಳು ತಕ್ಷಣ ಮುಖ ಒರೆಸಿಕೊಂಡಳು. “ತಪ್ಪಾಯ್ತು. ಯಾರ ಮೇಲಿನ ಸಿಟ್ಟೋ ನಿಮ್ಮ ಮೇಲೆ ಬಂತು. ಅಣ್ಣ ಮತ್ತೆ ಫೋನ್ ಮಾಡಿದ್ದ. ಈ ಚಳಿಗಾಲ ಕಳೀಲಿ, ಗಿಡ ಹೇಗೆ ಏಳುತ್ತೋ ನೋಡಿ ಹೇಳ್ತೀನಿ ಅಂದೆ.”

ಆ ಮಾತು ಸುರ್ಮಾಳನ್ನು ನಿಲ್ಲಗೊಡಲಿಲ್ಲ. ಗಿಡ ಚೆನ್ನಾಗಿ ಏಳಬೇಕು. ಈ ಸಣಕಲು ಗಿಡಗಳು ಅಷ್ಟೊಂದು ಹಣ್ಣು ಹೆತ್ತಿವೆ, ಹೆತ್ತ ಮೈ, ಬಾಣಂತಿಯನ್ನು ಯಾರಾದರೂ ಬರಿಹೊಟ್ಟೆಯಲ್ಲಿ ಹಿಮಕ್ಕೆ ಬಿಡುತ್ತಾರೆಯೇ? ಯೂರಿಯಾಕ್ಕೆ ಬೀಗವಿತ್ತು, ಗಂಜಲಕ್ಕೆ ಬೀಗವಿರಲಿಲ್ಲ. ಆಶ್ವಯುಜದ ಬಿಸಿಲು ಆ ವರ್ಷ ಬೇಸಿಗೆಯಂತಿತ್ತು. ಸೆಗಣಿ, ಗಂಜಲ ಕದಡಿದ ನೀರನ್ನು ಅವಳು ಬೆಳಬೆಳಿಗ್ಗೆ ಮತ್ತೆ ಹೊತ್ತಳು. ಕೊಯ್ಲು ಮುಗಿದಿತ್ತಾದ್ದರಿಂದ ಪ್ರೊಮಿಲಾ ಆ ಕಡೆ ಹೆಚ್ಚು ಬರುತ್ತಿರಲಿಲ್ಲ. ಎಲೆ ಉದುರಿಸಬೇಕಾದ ಹೊತ್ತಿನಲ್ಲಿ ಕೆಳಗಿನ ಸಾಲುಗಳು ತುದಿಯಲ್ಲಿ ಎಳೆಚಿಗುರು ಬಿಟ್ಟವು. ಸುರ್ಮಾಳಿಗೆ ಅದು ಮಗ ಕಣ್ಣು ಬಿಟ್ಟ ಹಾಗೆ ಕಂಡಿತು.

ಹಿಮ ಆ ಸಲ ಹೇಳದೆ ಕೇಳದೆ ಬೇಗ ಬಂತು. ಕಾರ್ತಿಕ ಮುಗಿಯುವ ಮೊದಲೇ ಬೆಳಗಾಗುವಷ್ಟರಲ್ಲಿ ಅಂಗಳ ಬೆಳ್ಳಗಾಗಿತ್ತು, ತೊಟ್ಟಿಯ ನೀರು ಹಲಗೆಯಂತೆ ಗಟ್ಟಿಯಾಗಿತ್ತು. ಕೆಳಗಿನ ಸಾಲುಗಳ ಎಲೆ ಉದುರದೆ ಗಿಡದ ಮೇಲೆಯೇ ಕಪ್ಪಾಗಿ ಜೋತುಬಿದ್ದಿತ್ತು. ಪ್ರೊಮಿಲಾ ಕಿಟಕಿಯಿಂದ ನೋಡಿದಳು. ಜಿಯಾಲಾಲ್ ಜಗುಲಿಯ ಚಳಿಯಲ್ಲಿ ಕೆಮ್ಮುತ್ತ ಕೂತಿದ್ದ.

“ದಾದಾನ ಒಳಗೆ ಕರೀತೀನಿ,” ಅಂದಳು ಶಗುನ್. “ತಂದೂರ್ ಪಕ್ಕ ಜಾಗ ಇದೆಯಲ್ಲ.”

“ಕರಿ. ನಾನೇನು ಬೇಡ ಅಂದಿದೀನಾ?” ಪ್ರೊಮಿಲಾ ತನ್ನ ತಟ್ಟೆ ಎತ್ತಿಕೊಂಡು ಕೋಣೆಗೆ ಹೋದಳು. ಮುದುಕ ಒಳಗೆ ಬಂದು ಒಲೆಯ ಪಕ್ಕ ಕೂತ. ಚಳಿಗಾಲವೆಲ್ಲ ಹಾಗೇ ನಡೆಯಿತು. ಅವನು ಬಂದರೆ ಅವಳು ಎದ್ದಳು, ಅವಳು ಬಂದರೆ ಅವನು ಎದ್ದ. ನಡುವೆ ಸುರ್ಮಾ ಇಬ್ಬರಿಗೂ ಬಡಿಸಿದಳು. ಅವಳಿಗೆ ತನ್ನ ರೊಟ್ಟಿ ಮತ್ತೆ ರುಚಿಸದಾಯಿತು.

ಚೈತ್ರದಲ್ಲಿ ಮೇಲಿನ ಸಾಲುಗಳ ಮೊಗ್ಗು ಗುಲಾಬಿಯಾಯಿತು. ಕೆಳಗಿನ ನಾಲ್ಕು ಸಾಲು ಹಾಗೇ ನಿಂತಿದ್ದವು. ಇನ್ನೊಂದು ವಾರ ನೋಡೋಣ ಅಂದಳು ಪ್ರೊಮಿಲಾ. ಇನ್ನೊಂದು ವಾರವೂ ಕಳೆಯಿತು. ಒಂದು ಬೆಳಿಗ್ಗೆ ಅವಳು ಗಿಡದಿಂದ ಗಿಡಕ್ಕೆ ಹೋಗುತ್ತ ಹೆಬ್ಬೆರಳ ಉಗುರಿನಿಂದ ತೊಗಟೆ ಕೆರೆದು ನೋಡತೊಡಗಿದಳು. ಜೀವವಿದ್ದರೆ ತೊಗಟೆಯಡಿ ಹಸಿರು ಕಾಣುತ್ತದೆ. ಮೊದಲ ಗಿಡ ಕಂದು. ಎರಡನೆಯದೂ ಕಂದು. ಸುರ್ಮಾ ಹಾಲಿನ ಚೊಂಬು ಹಿಡಿದು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಆ ಉಗುರನ್ನೇ ನೋಡುತ್ತಿದ್ದಳು. ಪ್ರತಿ ಗಿಡಕ್ಕೂ ಇದೊಂದು ಹಸಿರಿರಲಿ ಎಂದು ಬೇಡಿಕೊಂಡಳು. ಸಾಲು ಮುಗಿಯಿತು.

ಜಿಯಾಲಾಲ್ ಕೋಲೂರಿಕೊಂಡು ಇಳಿದು ಬಂದು ಸೊಸೆಯ ಎದುರು ನಿಂತ. “ಬಹೂ, ನನ್ನಿಂದಾಯ್ತು.”

ಪ್ರೊಮಿಲಾ ಎದ್ದು ನಿಂತಳು. ಇಷ್ಟು ತಿಂಗಳಲ್ಲಿ ಮೊದಲ ಸಲ ಮಾವನ ಮುಖ ನೋಡಿ ಮಾತಾಡಿದಳು.

“ಹೌದು ಬಾಬೂಜಿ, ನಿಮ್ಮಿಂದಾನೇ. ಅವತ್ತು ಮಾತಲ್ಲಿ ಅವರನ್ನ ಮನೆಯಿಂದ ಕಳಿಸಿದ್ರಿ. ಈಗ ಕೈಯಲ್ಲಿ ಅವರ ಗಿಡಾನೂ ಕಳಿಸಿದ್ರಿ. ಇನ್ನು ಈ ಮನೇಲಿ ನಾನು ಯಾವುದನ್ನ ಕಾಯ್ಕೊಂಡು ಕೂರಲಿ? ಶಗುನ್ ಪರೀಕ್ಷೆ ಮುಗಿದಿದೆ. ಅಣ್ಣನಿಗೆ ಹೇಳ್ತೀನಿ.”

ಮುದುಕ ತಲೆ ತಗ್ಗಿಸಿ ನಿಂತಿದ್ದ. ಹೊಡೆಸಿಕೊಳ್ಳಲು ಬೆನ್ನು ಕೊಟ್ಟ ಎತ್ತಿನ ಹಾಗೆ ನಿಂತಿದ್ದ. ಚೊಂಬು ಸುರ್ಮಾಳ ಕೈಯಿಂದ ಜಾರಿತು. ಹಾಲು ಇಳಿಜಾರಿನಲ್ಲಿ ಹರಿದು ಮೊದಲ ಗಿಡದ ಬುಡಕ್ಕೆ ಹೋಯಿತು.

“ಅವರಲ್ಲ,” ಅಂದಳು. “ನಾನು.”

“ಅಮ್ಮಾಜಿ, ಅವರ ಪರ ವಹಿಸ್ಬೇಡಿ ಈಗ.”

“ನಾನೇ ಬಹೂ. ಆಷಾಢದಿಂದ. ದಿನಾ. ಅವರು ಒಂದು ಹರಳೂ ಮುಟ್ಟಿಲ್ಲ. ಅವರು ಹೂಂ ಅಂದಿದ್ದು ನನಗೋಸ್ಕರ. ಕೊಯ್ಲಾದ ಮೇಲೂ ಹಾಕ್ದೆ, ಗಂಜಲ. ಅವರು ಬೈಸಿಕೊಳ್ಳೋದು ನೋಡಿಯೂ ಸುಮ್ಮನಿದ್ದೆ.”

ಪ್ರೊಮಿಲಾ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು. “ನೀವಾ? ಊಟಕ್ಕೆ ಕೂತಾಗೆಲ್ಲ ನಾನು ಬಿಡಿಸಿ ಬಿಡಿಸಿ ಹೇಳಿದ್ದು ನಿಮಗೆ ಕೇಳಿಸ್ಲಿಲ್ವಾ? ಸಾಯುತ್ತೆ ಅಂತ ಹೇಳಿದ್ನಲ್ಲ ಅಮ್ಮಾಜಿ. ಯಾಕೆ ಮಾಡಿದ್ರಿ?”

“ಅವನು ಹಸ್ಕೊಂಡು ಹೋದ.” ಸುರ್ಮಾ ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟಳು. “ನನ್ನ ಕಣ್ಣೆದುರಿಗೆ ತಟ್ಟೆ ಬಿಟ್ಟು ಹೋದ. ತೆಗೆದಿಡು ಅಂದಿದ್ದ. ಆ ಕಣಿವೆಯಲ್ಲಿ ಬೀಳುವಾಗ ಅವನ ಹೊಟ್ಟೇಲಿ ಏನೂ ಇರಲಿಲ್ಲ. ಮೂರು ವರ್ಷದ ಮೇಲಾಯ್ತು, ಒಂದು ದಿನ ನಾನು ಅದನ್ನ ಬಿಟ್ಟು ಬೇರೆ ಯೋಚನೆ ಮಾಡಿಲ್ಲ. ಅವನು ನೆಟ್ಟಿದ್ದೂ ಹಸಿದಿರಬೇಕು ಅಂದ್ರೆ ನಾನು ಹೇಗೆ ನೋಡ್ಲಿ ಬಹೂ? ತಡೆಯಕ್ಕಾಗ್ಲಿಲ್ಲ.”

ಮೇಲಿನ ಸಾಲುಗಳಲ್ಲಿ ಜೇನು ಗುಂಯ್ಗುಡುತ್ತಿತ್ತು. ಪ್ರೊಮಿಲಾಳ ಸಿಟ್ಟು ಮುಖದಿಂದ ಇಳಿಯಿತು. ಅಲ್ಲಿ ಬೇರೇನೋ ಬಂತು, ಸುರ್ಮಾಳಿಗೆ ಅದು ಭಯದಂತೆ ಕಂಡಿತು. ಅವಳು ಬಂದು ಅತ್ತೆಯ ಎದುರು ಕೂತಳು.

“ಅಮ್ಮಾಜಿ, ಅವರು ಹಸ್ಕೊಂಡಿರ್ಲಿಲ್ಲ.”

“ಏನು?”

“ಘಾಟಿ ಇಳಿಯೋ ಮೊದಲು ಢಾಬಾದಲ್ಲಿ ನಿಂತು ತಿಂದ್ರು. ತಿಂತಾ ನನಗೆ ಫೋನ್ ಮಾಡಿದ್ರು. ಹೊಟ್ಟೆ ಚುರುಗುಡ್ತಿತ್ತು, ಬಾಬೂಜಿ ಮೇಲಿನ ಸಿಟ್ಟು ಢಾಬಾದವನಿಗೆ ಲಾಭ ಆಯ್ತು ಅಂತ ನಕ್ಕರು.” ಅವಳು ಅತ್ತೆಯ ಕೈ ಹಿಡಿದಳು. “ಅಮ್ಮನಿಗೆ ಹೇಳ್ಬೇಡ, ಹೊರಗೆ ತಿಂದೆ ಅಂದ್ರೆ ಸಿಡ್ಡು ಮಾಡಿಟ್ಟೋಳು ನೊಂದ್ಕೋತಾಳೆ, ಸಂಜೆ ಬಂದು ಏನೂ ತಿನ್ನದೋನ ಹಾಗೆ ಅದನ್ನೂ ತಿಂತೀನಿ ಅಂದ್ರು. ಅವರು ಕೊನೇದಾಗಿ ನನಗೆ ಹೇಳಿದ್ದು ಅದೇ. ಹೇಳ್ಬೇಡ ಅಂತ. ನಾನು ಹೇಳ್ಲಿಲ್ಲ.”

“ನನಗೆ ಹೇಳ್ಬಹುದಿತ್ತು.”

“ನೀವು ಯಾವತ್ತೂ ಕೇಳ್ಲಿಲ್ಲ. ನಿಮ್ಮೊಳಗೆ ಇದೇ ಇದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು ಅಮ್ಮಾಜಿ? ಈ ಮನೇಲಿ ಅವತ್ತಿನ ಬೆಳಗಿನ ಮಾತು ಯಾರಾದ್ರೂ ಎತ್ತಿದ್ದಾರಾ?”

ಯಾರೂ ಎತ್ತಿರಲಿಲ್ಲ. ಮೂವರೂ ತಂತಮ್ಮ ಪಾಲನ್ನು ತಮ್ಮಲ್ಲೇ ಮುಚ್ಚಿಟ್ಟುಕೊಂಡು ಒಂದೇ ಒಲೆಯ ಸುತ್ತ ಕೂತು ಉಂಡಿದ್ದರು. ಜಿಯಾಲಾಲ್ ಕೋಲಿನ ಮೇಲೆ ಹಣೆಯಿಟ್ಟು ನಿಂತಿದ್ದ.

“ಏನು ತಿಂದ?” ಸುರ್ಮಾ ಕೇಳಿದಳು.

“ಆಲೂ ಪರೋಟ.”

“ಎಷ್ಟು?”

“ಮೂರು ಅಂದ್ರು. ಮೊಸರು ಬೇರೆ.”

“ಮೂರು,” ಅಂದಳು ಸುರ್ಮಾ. “ಹಾಗಾದ್ರೆ ಹೊಟ್ಟೆ ತುಂಬಿತ್ತು.” ಆಮೇಲೆ ಅವಳು ಅತ್ತಳು, ಮಗ ಸತ್ತ ದಿನವೂ ಅಳದ ಹಾಗೆ ಅತ್ತಳು. ಪ್ರೊಮಿಲಾ ಅವಳ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ತುಂಬಿದ ಹೊಟ್ಟೆಯ ಮಗನ ಹಸಿವನ್ನು ತೀರಿಸಲು ಹೋಗಿ ಅವನ ಗಿಡಗಳನ್ನು ಕೊಂದಿದ್ದಳು ಈ ತಾಯಿ.

ಮಧ್ಯಾಹ್ನ ಪ್ರೊಮಿಲಾ ಮಾವನ ತಟ್ಟೆಯನ್ನು ಒಲೆಯ ಪಕ್ಕದಲ್ಲಿಟ್ಟು ತಾನೇ ಬಡಿಸಿದಳು. ಕಾಲು ಮುಟ್ಟಲು ಬಗ್ಗಿದಾಗ ಅವನು ತಡೆದ. “ಅನ್ನ ಹಾಕು ಬಹೂ, ಸಾಕು,” ಅಂದ. “ಮೇಲಿನ ಸಾಲುಗಳಿಗೆ ನೀರು ಯಾವಾಗ?”

“ನಾಳೆ ಬಿಡ್ಬೇಕು. ನೀವೂ ಬನ್ನಿ, ತೋರಿಸ್ತೀನಿ,” ಅಂದಳು ಅವಳು. ಸೋಲನ್ನಿನ ಮಾತು ಆ ದಿನ ಬರಲಿಲ್ಲ. ಮಾರನೆಯ ವಾರ ಅಣ್ಣ ಫೋನ್ ಮಾಡಿದಾಗ, “ಇನ್ನೂ ಅರ್ಧ ತೋಟ ಇದೆ, ಅದನ್ನ ಯಾರು ನೋಡ್ತಾರೆ” ಎಂದು ಅವಳು ಹೇಳಿದ್ದನ್ನು ಶಗುನ್ ಬಂದು ಅಜ್ಜಿಯ ಕಿವಿಯಲ್ಲಿ ಹೇಳಿಹೋದಳು.

ಸತ್ತ ಗಿಡಗಳನ್ನು ಕಿತ್ತು ಅಂಗಳದಲ್ಲಿ ಒಟ್ಟಿದರು. ತೋಳಿನಷ್ಟು ದಪ್ಪವೂ ಇರಲಿಲ್ಲ ಅವು. ಮಳೆಗಾಲದ ಚಳಿಗೆ ತಂದೂರಿಗೆ ಅವೇ ಆದವು. ಸೇಬಿನ ಕಟ್ಟಿಗೆ ಹೊಗೆಯಾಡದೆ ಉರಿಯುತ್ತದೆ. ಸುರ್ಮಾ ಒಂದೊಂದನ್ನೂ ತನ್ನ ಕೈಯಿಂದಲೇ ಒಲೆಗೆ ಇಟ್ಟಳು. ಬೇರೆಯವರಿಗೆ ಇಡಲು ಬಿಡಲಿಲ್ಲ. ಶ್ರಾವಣದಲ್ಲಿ ಆ ದಿನ ಬಂದಾಗ ಅದೇ ಉರಿಯ ಮೇಲೆ ಸಿಡ್ಡು ಬೇಯಿಸಿದಳು. ಎಲ್ಲರೂ ಒಟ್ಟಿಗೆ ಕೂತು ತಿಂದರು.

ಭಾದ್ರಪದದಲ್ಲಿ ಮೇಲಿನ ಸಾಲುಗಳು ಚಿಗುರುವುದನ್ನು ನಿಲ್ಲಿಸಿದವು. ಎಲೆಯ ಹಸಿರು ಸ್ವಲ್ಪ ಮಾಸಿತು, ಹಣ್ಣಿನ ಒಂದು ಕೆನ್ನೆ ಕೆಂಪಗಾಯಿತು. ಬೆಳಿಗ್ಗೆ ಸುರ್ಮಾ ಕೊಟ್ಟಿಗೆ ತೊಳೆದು ಗಂಜಲದ ನೀರನ್ನು ಗುಂಡಿಗೆ ಬಿಟ್ಟು, ಖಾಲಿ ಬಕೆಟ್ಟನ್ನು ಗೋಡೆಗೆ ಬೋರಲು ಹಾಕಿ, ಮೇಲಿನ ಸಾಲಿಗೆ ಹತ್ತಿ ಹೋಗುತ್ತಾಳೆ. ಶಗುನ್ ಮುಳ್ಳು ನೋಡಿ ಹೇಳುತ್ತಾಳೆ:

“ಇನ್ನೂ ಎರಡು ದಿನ ನೀರು ಬೇಡ ದಾದಿ. ಸ್ವಲ್ಪ ಹಸಿದಿರಲಿ.”

“ಇರಲಿ,” ಅನ್ನುತ್ತಾಳೆ ಸುರ್ಮಾ. ಬರಿಗೈಯನ್ನು ಎಲ್ಲಿಡಬೇಕೋ ತಿಳಿಯದೆ ಸೆರಗಿನಲ್ಲಿ ಸುತ್ತಿಕೊಂಡು, ಗಿಡಗಳ ಮುಂದೆ ಸ್ವಲ್ಪ ಹೊತ್ತು ನಿಂತು ಬರುತ್ತಾಳೆ.